ಬ್ರಿಕ್ ಆದ ಫೋನು ಪೂರ್ತಿ ಸತ್ತಿರಲ್ಲ

ಹೋದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್ ಮುಗಿದ ಸಂಜೆ ನಾವು ಒಂದು ಫೋನು ಕೊಂದುಬಿಟ್ಟೆವು. ನಮ್ಮದಲ್ಲ, ಮೆಸ್ ಅಕ್ಕಂದು.

ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಊರೊಳಗಿನ ಕಡೆಗೆ ನಡೆದರೆ ನಮ್ಮ ರೂಮು. ಮೇಲೆ ನಾವು ಮೂವರು, ಕೆಳಗಿನ ಮನೇಲಿ ಅಕ್ಕನ ಮೆಸ್. ಬೆಳಿಗ್ಗೆ ಚಿತ್ರಾನ್ನ ಇಲ್ಲಾ ಉಪ್ಪಿಟ್ಟು, ರಾತ್ರಿ ಮುದ್ದೆ, ಸೊಪ್ಪಿನ ಸಾರು. ತಿಂಗಳ ಲೆಕ್ಕದವರೂ ಇದ್ದಾರೆ, ನಮ್ಮ ಹಾಗೆ 'ಅಕ್ಕ, ಬರ್ಕೊಳಿ' ಅಂತ ಹೇಳಿ ಹೋಗೋರೂ ಇದ್ದಾರೆ. ಅಕ್ಕ ಬರ್ಕೊಳಲ್ಲ. ಕೈಯೆಲ್ಲ ಹಿಟ್ಟು, ಪೆನ್ನು ಹಿಡಿಯೋಕೆ ಆಗಲ್ಲ. ಫೋನಿನ ವಾಯ್ಸ್ ರೆಕಾರ್ಡರ್ ಒತ್ತಿ 'ಮೇಲಿನ ಮನೆ ಕನ್ನಡಕದ ಹುಡುಗ, ಎರಡು ಊಟ, ನೂರಿಪ್ಪತ್ತು' ಅಂತ ಹೇಳಿ ಇಟ್ಕೊತಾರೆ. ತಿಂಗಳ ಕೊನೇಲಿ ಕೂತು ಕೇಳಿ ಲೆಕ್ಕ ಹಾಕ್ತಾರೆ. ಇಡೀ ಮೆಸ್ಸಿನ ಬಾಕಿ ಆ ಫೋನಿನೊಳಗೆ ಅವರ ಧ್ವನಿಯಲ್ಲಿ ಇತ್ತು. ಬೇರೆಲ್ಲೂ ಕಾಪಿ ಇರಲಿಲ್ಲ.

ಫೋನು 2017ರಲ್ಲಿ ಕೊಂಡದ್ದು, ಸ್ನಾಪ್‌ಡ್ರಾಗನ್ 625 ಚಿಪ್ಪು. ಕಂಪನಿ ಹೆಸರು ಬೇಡ, ತಪ್ಪು ನಮ್ಮದೇ. ಎಷ್ಟೋ ಕಾಲದಿಂದ ಒಂದು ಅಪ್‌ಡೇಟಿನ ನೋಟಿಫಿಕೇಶನ್ ನೇತಾಡ್ತಾ ಇತ್ತು. 'ಏನ್ರಪ್ಪಾ ಇದು, ದಿನಾ ಕೇಳುತ್ತೆ' ಅಂದ್ರು. ನಾವು ಎಂಜಿನಿಯರ್‌ಗಳಲ್ವಾ, ಇನ್‌ಸ್ಟಾಲ್ ಒತ್ತಿದೆವು. ಅರ್ಧ ಗಂಟೆ ಆದರೂ ಪಟ್ಟಿ ಒಂದೇ ಕಡೆ ನಿಂತಿತ್ತು. 'ಹ್ಯಾಂಗ್ ಆಗಿದೆ' ಅಂತ ತೀರ್ಮಾನ ಮಾಡಿ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದೆವು. ಸ್ಕ್ರೀನ್ ಕಪ್ಪಾಯ್ತು. ಆಮೇಲೆ ಏನೂ ಇಲ್ಲ. ವೈಬ್ರೇಷನ್ ಇಲ್ಲ, ಚಾರ್ಜಿಂಗ್ ಚಿಹ್ನೆ ಇಲ್ಲ, ಲೋಗೋ ಇಲ್ಲ.

ಹತ್ತಿರದ ಮೊಬೈಲ್ ಅಂಗಡಿಯ ಅಣ್ಣ ನೋಡಿದ ತಕ್ಷಣ ಹೇಳಿದ್ರು: 'ಡೆಡ್ ಬೂಟ್. ಫ್ಲಾಶ್ ಹೊಡೆದ್ರೆ ಬರಬಹುದು. ಆದ್ರೆ ಡೇಟಾ ಪೂರ್ತಿ ಹೋಗುತ್ತೆ, ಆಮೇಲೆ ಕೇಳಬಾರದು.' ಅವರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ದಿನಕ್ಕೆ ಇಪ್ಪತ್ತು ಫೋನು ನೋಡೋರು ಒಂದೊಂದಕ್ಕೂ ಪಾರ್ಟಿಷನ್ ಲೆಕ್ಕ ಹಾಕಿ ಕೂರೋಕಾಗಲ್ಲ. ನಮಗೆ ಮಾತ್ರ ಬೇರೆ ದಾರಿ ಇರಲಿಲ್ಲ. ಫೋನೂ ಬರಬೇಕು, ರೆಕಾರ್ಡಿಂಗೂ ಉಳಿಯಬೇಕು. ಆ ನಾಲ್ಕು ದಿನದಲ್ಲಿ ನಾವು ಏನು ಕಲಿತೆವು ಅನ್ನೋದನ್ನ ನಿಮಗೂ ಹೇಳೋಣ ಅಂತ ಈ ಲೇಖನ.

ಯಾವ ಬ್ರಿಕ್ಕು?

ಫೋನು ಬ್ರಿಕ್ ಆಯ್ತು ಅಂದ್ರೆ ಇಟ್ಟಿಗೆ ಥರ ಬಿದ್ದಿದೆ ಅಂತ. ಆದರೆ ಇದರಲ್ಲಿ ಬೇರೆ ಬೇರೆ ದರ್ಜೆ ಇದೆ. ಲೋಗೋ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗ್ತಾ ಇದ್ರೆ, ಅಥವಾ ಫಾಸ್ಟ್‌ಬೂಟ್ ಸ್ಕ್ರೀನಿನ ತನಕ ಹೋಗ್ತಾ ಇದ್ರೆ ಅದು ಸಾಫ್ಟ್ ಬ್ರಿಕ್. ಬೂಟ್‌ಲೋಡರ್ ಬದುಕಿದೆ, ಮೇಲಿನ ಆಂಡ್ರಾಯ್ಡ್ ಮಾತ್ರ ಕೆಟ್ಟಿದೆ. ಇದಕ್ಕೆ ಹೆದರಬೇಕಾಗಿಲ್ಲ. ಏನೂ ಬರದೇ ಕಪ್ಪು ಸ್ಕ್ರೀನು ಮಾತ್ರ ಇದ್ದರೆ ಅದು ಹಾರ್ಡ್ ಬ್ರಿಕ್. ಅದರಲ್ಲೂ ಎರಡು ಬಗೆ: ಸಾಫ್ಟ್‌ವೇರ್ ಕೆಟ್ಟದ್ದು, ಹಾರ್ಡ್‌ವೇರೇ ಸುಟ್ಟದ್ದು. ಇವೆರಡರ ವ್ಯತ್ಯಾಸ ಗೊತ್ತಾಗೋಕೆ ಮೊದಲ ಪರೀಕ್ಷೆಗೆ ಒಂದು ರೂಪಾಯಿಯೂ ಬೇಡ. ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಕೊಟ್ಟು ನೋಡಿ. ವಿಂಡೋಸ್ ಆದ್ರೆ ಡಿವೈಸ್ ಮ್ಯಾನೇಜರ್ ತೆರೀರಿ.

ನಾವು ಹಾಕಿದಾಗ ಏನೂ ಕಾಣಲಿಲ್ಲ. ಅಲ್ಲಿಗೆ ಮುಗೀತು ಅಂತ ಎದೆ ಒಡೆಯಿತು. ಅರ್ಧ ಗಂಟೆ ತಲೆ ಕೆಡಿಸ್ಕೊಂಡ ಮೇಲೆ ಪಕ್ಕದ ರೂಮಿನವನ ಕೇಬಲ್ ಹಾಕಿದ್ವಿ, ಬಂತು! ನಮ್ಮ ಕೇಬಲ್ಲು ಬರೀ ಚಾರ್ಜಿಂಗಿನದು, ಡೇಟಾ ತಂತಿಗಳೇ ಒಳಗಿರಲಿಲ್ಲ. ಯಾವ ಫೋನನ್ನೂ ಸತ್ತಿದೆ ಅನ್ನೋ ಮೊದಲು ಎರಡು ಕೇಬಲ್ ಬದಲಾಯಿಸಿ ನೋಡಿ.

ಪರದೆ ಮೇಲೆ ಬಂದ ಸಾಲಿನಲ್ಲಿ 05ಸಿ6:9008 ಅಂತ ಇತ್ತು. ಮೊದಲ ಭಾಗ ಕ್ವಾಲ್ಕಾಮ್ ಕಂಪನಿಯ ಗುರುತು. ಎರಡನೇದು, 9008, ಆ ಚಿಪ್ಪು ಎಮರ್ಜೆನ್ಸಿ ಡೌನ್‌ಲೋಡ್ ಮೋಡಿನಲ್ಲಿದೆ ಅನ್ನೋದರ ಗುರುತು. ಇದನ್ನೇ ಎಲ್ಲರೂ ಇಡಿಎಲ್ ಅಂತಾರೆ. ಕಪ್ಪು ಸ್ಕ್ರೀನಿನ ಹಿಂದೆ ಪ್ರೊಸೆಸರ್ ಎಚ್ಚರವಾಗೇ ಇದೆ, ಯಾರಾದರೂ ಏನಾದರೂ ಕೊಡ್ತಾರಾ ಅಂತ ಕಾಯ್ತಾ ಇದೆ.

ಇದು ಯಾಕೆ ಸಾಧ್ಯ?

ಫೋನು ಆನ್ ಆಗೋದು ಒಂದೇ ಹೆಜ್ಜೆಯಲ್ಲಿ ಅಲ್ಲ. ಪವರ್ ಸಿಕ್ಕಿದ ತಕ್ಷಣ ಓಡೋದು ಚಿಪ್ಪಿನೊಳಗೇ ಕಾರ್ಖಾನೆಯಲ್ಲಿ ಕೊರೆದು ಬಿಟ್ಟಿರೋ ಸಣ್ಣ ಕೋಡು, ಹೆಸರು ಪಿಬಿಎಲ್, ಅಂದ್ರೆ ಪ್ರೈಮರಿ ಬೂಟ್‌ಲೋಡರ್. ಇದು ರಾಮ್‌ನಲ್ಲಿರೋದಲ್ಲ, ರೋಮ್‌ನಲ್ಲಿರೋದು. ಯಾವ ಅಪ್‌ಡೇಟೂ ಇದನ್ನ ಬದಲಾಯಿಸೋಕಾಗಲ್ಲ, ನಾವು ಪವರ್ ಬಟನ್ ಎಷ್ಟು ಒತ್ತಿದರೂ ಇದು ಕೆಡಲ್ಲ. ಪಿಬಿಎಲ್ ಇಎಂಎಂಸಿ ಸ್ಟೋರೇಜಿನಿಂದ ಎಸ್‌ಬಿಎಲ್1 ಅನ್ನೋ ಎರಡನೇ ಬೂಟ್‌ಲೋಡರನ್ನ ಓದುತ್ತೆ. ಅದು ಮೆಮೊರಿ ಸಿದ್ಧ ಮಾಡಿ ಟ್ರಸ್ಟ್‌ಝೋನ್, ಆರ್‌ಪಿಎಂ ಮುಂತಾದವನ್ನ ಎಬ್ಬಿಸುತ್ತೆ, ಆಮೇಲೆ ಎಬೂಟ್‌ಗೆ ಕೈ ದಾಟಿಸುತ್ತೆ. ನಮಗೆ ಗೊತ್ತಿರೋ ಫಾಸ್ಟ್‌ಬೂಟ್ ಇರೋದು ಈ ಎಬೂಟ್‌ನಲ್ಲಿ. ಎಬೂಟ್ ಬಂದು ಬೂಟ್ ಪಾರ್ಟಿಷನ್ನಿನಿಂದ ಲಿನಕ್ಸ್ ಕರ್ನಲ್ ಎತ್ತಿಕೊಳ್ಳುತ್ತೆ. ಅಲ್ಲಿಂದ ಮುಂದೆ ಆಂಡ್ರಾಯ್ಡ್.

ನಮ್ಮ ಕಾಲೇಜು ಗೇಟಿನಲ್ಲಿ ಸೆಕ್ಯುರಿಟಿ ಅಂಕಲ್ ಐಡಿ ಕಾರ್ಡ್ ನೋಡಿ ಒಳಗೆ ಬಿಡ್ತಾರಲ್ಲ, ಇಲ್ಲೂ ಹಾಗೇ. ಪ್ರತಿ ಹಂತವೂ ಮುಂದಿನ ಹಂತದ ಸಹಿ ಸರಿ ಇದೆಯಾ ನೋಡಿಯೇ ಬಿಡುತ್ತೆ. ಸಹಿ ತಪ್ಪಿದ್ರೆ, ಕಡತ ಅರ್ಧಂಬರ್ಧ ಬರೆದಿದ್ರೆ, ಅಲ್ಲಿಗೇ ನಿಲ್ಲುತ್ತೆ. ಅಕ್ಕನ ಫೋನಿನಲ್ಲಿ ಅಪ್‌ಡೇಟು ಈ ಬೂಟ್‌ಲೋಡರ್‌ಗಳನ್ನ ಬರೀತಿದ್ದ ಹೊತ್ತಿಗೆ ಸರಿಯಾಗಿ ನಾವು ಪವರ್ ಒತ್ತಿದ್ದೆವು. ಪಿಬಿಎಲ್‌ಗೆ ಎಸ್‌ಬಿಎಲ್1 ಸರಿಯಾಗಿ ಸಿಗಲಿಲ್ಲ. ಸಿಗದಿದ್ದಾಗ ಅದು ಮಾಡೋದು ಒಂದೇ ಕೆಲಸ: ಯುಎಸ್‌ಬಿ ಕಡೆ ತಿರುಗಿ 9008 ಅಂತ ಕೂರೋದು.

ಪಕ್ಕದಲ್ಲೇ ಒಂದು ಮಾತು. ನಿಮ್ಮ ಈಗಿನ ಫೋನಿಗೆ ಇಂಥದ್ದು ಆಗೋ ಸಾಧ್ಯತೆ ಕಮ್ಮಿ. ಆಂಡ್ರಾಯ್ಡ್ 7ರ ಕಾಲದಿಂದ, ಅಂದ್ರೆ 2016ರಿಂದ, ಎ/ಬಿ ಅಪ್‌ಡೇಟ್ ಪದ್ಧತಿ ಬಂದಿದೆ. ಬೂಟ್‌ಲೋಡರ್, ಸಿಸ್ಟಂ ಎಲ್ಲಕ್ಕೂ ಎರಡೆರಡು ಜಾಗ. ನೀವು ಎ ಬಳಸ್ತಾ ಇದ್ದಾಗ ಹೊಸದು ಬಿಗೆ ಹೋಗಿ ಕೂರುತ್ತೆ. ಬಿ ಸರಿಯಾಗಿ ಬೂಟ್ ಆಗಲಿಲ್ಲ ಅಂದ್ರೆ ವಾಪಸ್ ಎ. ಅಕ್ಕನ ಫೋನಿನಲ್ಲಿ ಆ ಅನುಕೂಲ ಇರಲಿಲ್ಲ, ಇರೋ ಒಂದೇ ಜಾಗದ ಮೇಲೇ ಬರೆಯೋದು.

ತಾನಾಗಿ 9008ಕ್ಕೆ ಬೀಳದ ಫೋನನ್ನ ಬಲವಂತವಾಗಿ ತಳ್ಳೋ ದಾರಿಗಳೂ ಇವೆ. ಬೋರ್ಡಿನ ಮೇಲೆ ಟೆಸ್ಟ್ ಪಾಯಿಂಟ್ ಅಂತ ಸಣ್ಣ ತಾಮ್ರದ ಚುಕ್ಕೆಗಳಿರ್ತವೆ. ಟ್ವೀಜರಿನಲ್ಲಿ ಅವನ್ನ ಗ್ರೌಂಡಿಗೆ ಶಾರ್ಟ್ ಮಾಡಿ ಕೇಬಲ್ ಹಾಕಿದ್ರೆ ಕೆಲವು ಬೋರ್ಡಿನಲ್ಲಿ ಇಎಂಎಂಸಿಯ ಒಂದು ಲೈನು ಬಾಯಿ ಮುಚ್ಚುತ್ತೆ, ಪಿಬಿಎಲ್‌ಗೆ ಏನೂ ಓದೋಕಾಗದೆ ಇಡಿಎಲ್‌ಗೆ ಹೋಗುತ್ತೆ. ಹಳೆಯ ಕೆಲವು ಮಾದರಿಗಳಿಗೆ ಡೀಪ್ ಫ್ಲಾಶ್ ಕೇಬಲ್ ಸಾಕಾಗ್ತಿತ್ತು. ಯುಎಸ್‌ಬಿ ಕೇಬಲ್ ಸುಲಿದು ಹಸಿರು ತಂತಿಯನ್ನ, ಅಂದ್ರೆ ಡಿ ಪ್ಲಸ್ಸನ್ನ, ಕಪ್ಪು ತಂತಿಗೆ ಕೆಲವು ಸೆಕೆಂಡ್ ಮುಟ್ಟಿಸೋದು, ಅಷ್ಟೇ. ಇ ಅಂಡ್ ಸಿಯವರಿಗೆ ಇದು ಲ್ಯಾಬ್ ಪ್ರಯೋಗಕ್ಕಿಂತ ಸುಲಭ. ಕೆಂಪು ತಂತಿ ಮಾತ್ರ ಮುಟ್ಟಬೇಡಿ, ಅದರಲ್ಲಿ 5 ವೋಲ್ಟ್ ಇದೆ.

ಸಹಾರಾ ಮತ್ತು ಫೈರ್‌ಹೋಸ್

ಹೆಸರಿಟ್ಟವರು ಯಾರೋ, ಒಂದು ಮರುಭೂಮಿ, ಇನ್ನೊಂದು ಬೆಂಕಿ ಆರಿಸೋ ಪೈಪು. 9008ರಲ್ಲಿ ಕೂತಿರೋ ಪಿಬಿಎಲ್‌ಗೆ ಬರೋ ಭಾಷೆ ಸಹಾರಾ. ಅದು ತುಂಬ ಚಿಕ್ಕ ಭಾಷೆ. ಫೋನೇ ಮೊದಲು ಹಲೋ ಪ್ಯಾಕೆಟ್ ಕಳಿಸುತ್ತೆ, ಕಂಪ್ಯೂಟರು ಹಲೋ ಅನ್ನುತ್ತೆ, ಆಮೇಲೆ ಫೋನು 'ನನಗೆ ಇಷ್ಟು ಬೈಟು ಕೊಡು' ಅಂತ ಕೇಳ್ತಾ ಹೋಗುತ್ತೆ. ಸ್ಟೋರೇಜಿಗೆ ಬರೆಯೋಕೆ ಪಿಬಿಎಲ್‌ಗೆ ಬರಲ್ಲ. ಅದು ಮಾಡೋ ಮುಖ್ಯ ಕೆಲಸ ಅಂದ್ರೆ ನಾವು ಕಳಿಸಿದ ಇನ್ನೊಂದು ಪ್ರೋಗ್ರಾಂ ಇಸ್ಕೊಂಡು, ಸಹಿ ನೋಡಿ, ಮೆಮೊರಿಯಲ್ಲಿ ಓಡಿಸೋದು. ಆ ಪ್ರೋಗ್ರಾಮಿಗೇ ಫೈರ್‌ಹೋಸ್ ಪ್ರೋಗ್ರಾಮರ್ ಅಂತಾರೆ. ಅದು ಎದ್ದ ಮೇಲೆ ಮಾತುಕತೆ ಎಕ್ಸ್‌ಎಂಎಲ್‌ನಲ್ಲಿ: ಈ ಸೆಕ್ಟರಿನಿಂದ ಇಷ್ಟು ಓದು, ಈ ಸೆಕ್ಟರಿಗೆ ಈ ಕಡತ ಬರಿ.

ಎಲ್ಲ ಆಟವೂ ಆ ಸಹಿಯಲ್ಲಿದೆ. ಫೋನ್ ಕಂಪನಿಯ ಪಬ್ಲಿಕ್ ಕೀಯ ಹ್ಯಾಶನ್ನ ಕಾರ್ಖಾನೆಯಲ್ಲೇ ಚಿಪ್ಪಿನ ಫ್ಯೂಸುಗಳಲ್ಲಿ ಸುಟ್ಟಿರ್ತಾರೆ. ಬೇರೆ ಕಂಪನಿಯ ಪ್ರೋಗ್ರಾಮರ್ ತಂದು ಕೊಟ್ಟರೆ, ಚಿಪ್ಪು ಅದೇ 625 ಆಗಿದ್ರೂ, ಪಿಬಿಎಲ್ ಒಪ್ಪಲ್ಲ. ನಮ್ಮ ಅದೃಷ್ಟಕ್ಕೆ ಆ ಮಾದರಿಗೆ ಕಂಪನಿಯೇ ಬಿಟ್ಟಿದ್ದ ಫರ್ಮ್‌ವೇರ್ ಪ್ಯಾಕೇಜಿನೊಳಗೆ ಅದರ ಪ್ರೋಗ್ರಾಮರ್ ಕಡತವೂ ಇತ್ತು.

ಟೂಲುಗಳ ವಿಷಯಕ್ಕೆ ಬಂದರೆ, ವಿಂಡೋಸ್‌ನಲ್ಲಿ ಕ್ವಾಲ್ಕಾಮ್‌ನ ಕ್ಯೂಫಿಲ್ ಇದೆ. ಲಿನಕ್ಸ್‌ನಲ್ಲಿ ಕ್ಯೂಡಿಎಲ್ ಅಂತ ಪುಟ್ಟ ಓಪನ್ ಸೋರ್ಸ್ ಟೂಲು, ಪೈಥಾನ್‌ನಲ್ಲಿ ಬರೆದ ಇಡಿಎಲ್ ಅನ್ನೋದು ಇನ್ನೊಂದು. ನಾವು ಪೈಥಾನಿನದ್ದು ಹಿಡಿದೆವು. ಕೋಡು ತೆರೆದು ಓದಬಹುದು, ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತೆ. 'ಕ್ರ್ಯಾಕ್ಡ್' ಅಂತ ಸಿಗೋ ಫ್ಲಾಶಿಂಗ್ ಟೂಲುಗಳನ್ನ ಮಾತ್ರ ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಇರೋ ಲ್ಯಾಪ್‌ಟಾಪಿಗೆ ಹಾಕಬೇಡಿ, ಆ್ಯಂಟಿವೈರಸ್ ಆಫ್ ಮಾಡಿ ಅಂತ ಹೇಳೋ ಸಾಫ್ಟ್‌ವೇರ್ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು?

ಮೊದಲ ಸಲ ನಮಗೆ ಬಂದದ್ದು ಸಹಾರಾ ಎರರ್ರು. ಒಂದು ಇಡೀ ರಾತ್ರಿ ಹೋಯ್ತು. ಕಾರಣ ಸಿಲ್ಲಿ. ಉಬುಂಟುವಿನಲ್ಲಿ ಮೋಡೆಮ್ ಮ್ಯಾನೇಜರ್ ಅನ್ನೋ ಸರ್ವಿಸು 'ಓ, ಡಾಂಗಲ್ ಬಂತು' ಅಂದ್ಕೊಂಡು ಪೋರ್ಟಿಗೆ ಏನೇನೋ ಕಳಿಸ್ತಾ ಇತ್ತು, ಫೋನಿನ ಹಲೋ ನಮ್ಮ ಟೂಲಿಗೆ ಸಿಗೋ ಮೊದಲೇ ಹೋಗ್ತಿತ್ತು. ಆ ಸರ್ವಿಸ್ ನಿಲ್ಲಿಸಿ, ಪವರ್ ಬಟನ್ ಹತ್ತು ಸೆಕೆಂಡ್ ಹಿಡಿದು ಮತ್ತೆ ಹೊಸದಾಗಿ ಇಡಿಎಲ್‌ಗೆ ತಂದು, ಟೂಲು ಮೊದಲು ಶುರು ಮಾಡಿ ಆಮೇಲೆ ಕೇಬಲ್ ಹಾಕಿದಾಗ ಸರಿಯಾಯ್ತು. ಹಲೋ ಒಂದೇ ಸಲ ಬರುತ್ತೆ. ತಪ್ಪಿಸಿಕೊಂಡರೆ ಮತ್ತೆ ಮೊದಲಿನಿಂದ.

ಬರೆಯೋ ಮೊದಲು ಓದು

ಪ್ರೋಗ್ರಾಮರ್ ಎದ್ದ ಕೂಡಲೇ ಪ್ಯಾಕೇಜ್ ಪೂರ್ತಿ ಸುರಿದುಬಿಡೋಣ ಅನ್ನೋ ಆಸೆ ಬರುತ್ತೆ. ನಾವು ಅದಕ್ಕೆ ಮೊದಲು ಒಂದು ದಿನ ತಡೆದು ಎಸ್‌ಪಿ ರೋಡಿಗೆ ಹೋದೆವು. ಹೋಗೋದೇನು ಕಷ್ಟ ಇಲ್ಲ. ಗ್ರೀನ್ ಲೈನ್ 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ ಮುಂದುವರಿದ ಮೇಲೆ ಕೋಣನಕುಂಟೆ ಕ್ರಾಸಿನಲ್ಲಿ ಹತ್ತಿದರೆ ಚಿಕ್ಕಪೇಟೆಯಲ್ಲಿ ಇಳಿಯೋದೇ. ಅಲ್ಲಿ ಬೋರ್ಡ್ ರಿಪೇರಿ ಮಾಡೋ ಒಬ್ಬ ಅಣ್ಣ, ಮೈಕ್ರೋಸ್ಕೋಪಿನಿಂದ ತಲೆ ಎತ್ತದೇ ಹೇಳಿದ್ದು ಇಷ್ಟು: 'ಬರೆಯೋ ಮೊದಲು ಓದ್ಕೊಳ್ರಪ್ಪ. ಓದಿದ್ರೆ ಏನೂ ಹಾಳಾಗಲ್ಲ.'

ವಾಪಸ್ ಬಂದು ಓದ್ಕೊಂಡೆವು. ಮೊದಲು ಪಾರ್ಟಿಷನ್ ಪಟ್ಟಿ, ಅಂದ್ರೆ ಜಿಪಿಟಿ. ಅದು ಸರಿಯಾಗೇ ಇತ್ತು, ಅರ್ಧ ಜೀವ ಬಂತು. ಆಮೇಲೆ ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಪರ್ಸಿಸ್ಟ್. ಕೊನೆಗೆ ಯೂಸರ್‌ಡೇಟಾ ಇಡೀ. ಫೋನು 32 ಜಿಬಿಯದು, ಯುಎಸ್‌ಬಿ 2ರ ವೇಗ, ಅದಕ್ಕೊಂದಕ್ಕೇ ಮುಕ್ಕಾಲು ಗಂಟೆ.

ಇಲ್ಲಿ ನೀವು ಕೇಳಬಹುದು: ಯೂಸರ್‌ಡೇಟಾ ಕೈಗೆ ಬಂತಲ್ಲ, ಅದರೊಳಗಿನ ರೆಕಾರ್ಡಿಂಗ್ ತೆಗೆದು ಅಕ್ಕನಿಗೆ ಕೊಟ್ಟರಾಯ್ತು, ಫೋನು ಬದುಕಿದ್ರೆಷ್ಟು ಬಿಟ್ರೆಷ್ಟು? ನಾವೂ ಹಾಗೇ ಅಂದ್ಕೊಂಡಿದ್ವಿ. ತೆರೆದು ನೋಡಿದ್ರೆ ಬರೀ ಕಸ. ಆಂಡ್ರಾಯ್ಡ್ 6ರೊಂದಿಗೆ ಮಾರುಕಟ್ಟೆಗೆ ಬಂದ, ಸಾಕಷ್ಟು ವೇಗ ಇರೋ ಫೋನುಗಳು ಡೇಟಾವನ್ನ ಎನ್‌ಕ್ರಿಪ್ಟ್ ಮಾಡೇ ಇಡಬೇಕು ಅಂತ ಗೂಗಲ್ ಕಡ್ಡಾಯ ಮಾಡಿತ್ತು. ಆ ಎನ್‌ಕ್ರಿಪ್ಷನ್ನಿನ ಕೀಲಿ ಬರೀ ಪಿನ್ ನಂಬರಿನಿಂದ ಹುಟ್ಟಲ್ಲ, ಅದೇ ಚಿಪ್ಪಿನ ಟ್ರಸ್ಟ್‌ಝೋನಿನೊಳಗೆ ಇರೋ, ಹೊರಗೆ ಬರದ ಇನ್ನೊಂದು ಕೀಲಿಯೂ ಬೇಕು. ಸ್ಟೋರೇಜ್ ಚಿಪ್ಪನ್ನ ಕಿತ್ತು ಇನ್ನೊಂದು ಫೋನಿಗೆ ಬೆಸುಗೆ ಹಾಕಿದ್ರೂ ಪ್ರಯೋಜನ ಇಲ್ಲ. ಅಕ್ಕನ ಧ್ವನಿ ವಾಪಸ್ ಬರಬೇಕಾದ್ರೆ ಅದೇ ಫೋನು, ಅದೇ ಪ್ರೊಸೆಸರ್ ಎದ್ದು ಕೂರಬೇಕು. ಯೂಸರ್‌ಡೇಟಾ ಒಂದು ಬಿಟ್ಟೂ ಕದಲಬಾರದು.

ಆಗ ನಮಗೆ ಅರ್ಥ ಆಗಿದ್ದು, ಫ್ಲಾಶಿಂಗ್ ಅಂದ್ರೆ ಏನು ಬರೀಬೇಕು ಅನ್ನೋದಕ್ಕಿಂತ ಏನು ಬರೀಬಾರದು ಅನ್ನೋದೇ ದೊಡ್ಡ ಪ್ರಶ್ನೆ ಅಂತ. ಪ್ಯಾಕೇಜಿನಲ್ಲಿ ರಾಪ್ರೋಗ್ರಾಂ0 ಅನ್ನೋ ಎಕ್ಸ್‌ಎಂಎಲ್ ಕಡತ ಇರುತ್ತೆ. ನೋಟ್‌ಪ್ಯಾಡಿನಲ್ಲಿ ತೆರೀಬಹುದು. ಒಂದೊಂದು ಸಾಲು ಒಂದೊಂದು ಪಾರ್ಟಿಷನ್: ಲೇಬಲ್ ಏನು, ಯಾವ ಸೆಕ್ಟರಿನಿಂದ ಶುರು, ಅಲ್ಲಿಗೆ ಹೋಗೋ ಕಡತದ ಹೆಸರೇನು. ಕಡತದ ಹೆಸರಿನ ಜಾಗ ಖಾಲಿ ಇದ್ರೆ ಟೂಲು ಆ ಪಾರ್ಟಿಷನ್ ಮುಟ್ಟದೆ ಮುಂದೆ ಹೋಗುತ್ತೆ. ನಮ್ಮ ಪ್ಯಾಕೇಜಿನಲ್ಲಿ ಯೂಸರ್‌ಡೇಟಾ ಸಾಲಿನಲ್ಲಿ ಹೆಸರು ತುಂಬಿತ್ತು. ಕಣ್ಣು ಮುಚ್ಚಿ ಹೊಡೆದಿದ್ರೆ ಹೊಚ್ಚ ಹೊಸ ಖಾಲಿ ಫೋನು ಸಿಕ್ಕಿರೋದು.

ಯೂಸರ್‌ಡೇಟಾ ಬಿಟ್ಟರೆ ಸಾಕು ಅಂದ್ಕೊಂಡವರಿಗೆ ಇನ್ನೊಂದು ಗುಂಡಿ ಇದೆ, ಜಿಪಿಟಿ. ಆ ಕಾಲದ ಫುಲ್ ಡಿಸ್ಕ್ ಎನ್‌ಕ್ರಿಪ್ಷನ್ನಿನಲ್ಲಿ ಸುತ್ತಿಟ್ಟ ಕೀಲಿಯ ವಿವರವನ್ನ ಅನೇಕ ಫೋನುಗಳು ಯೂಸರ್‌ಡೇಟಾದ ಕೊನೆಯ 16 ಕಿಲೋಬೈಟಿನಲ್ಲಿ ಇಡ್ತಿದ್ದವು. ಪಾರ್ಟಿಷನ್ ಪಟ್ಟಿ ಬದಲಾಗಿ ಯೂಸರ್‌ಡೇಟಾದ ಉದ್ದ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ 'ಕೊನೆ' ಅನ್ನೋದು ಬೇರೆ ಜಾಗಕ್ಕೆ ಹೋಗುತ್ತೆ. ಡೇಟಾ ಅಲ್ಲೇ ಇರುತ್ತೆ, ಬೀಗದ ಕೈ ಮಾತ್ರ ಸಿಗಲ್ಲ. ಆದ್ದರಿಂದ ಜಿಪಿಟಿ ಸಾಲುಗಳನ್ನೂ ತೆಗೆದೆವು, ಪ್ಯಾಚ್0 ಕಡತವನ್ನೂ ಪಕ್ಕಕ್ಕೆ ಇಟ್ಟೆವು.

ಆವೃತ್ತಿಯೂ ಮುಖ್ಯ. ಅಪ್‌ಡೇಟು ಯಾವ ಆವೃತ್ತಿಗೆ ಹೋಗ್ತಿತ್ತೋ ಅದೇ ಆವೃತ್ತಿಯ ಪೂರ್ಣ ಪ್ಯಾಕೇಜ್ ಹುಡುಕಿದೆವು. ಹಳೆಯದು ಹಾಕಿದ್ರೆ ಕೀಮಾಸ್ಟರ್ ಕೀಲಿ ತೆರೆಯದೇ ಹಟ ಮಾಡಬಹುದು. ಅದಕ್ಕಿಂತ ಕೆಟ್ಟದ್ದು ಆ್ಯಂಟಿ ರೋಲ್‌ಬ್ಯಾಕ್. 2018ರಲ್ಲಿ ರೆಡ್ಮಿ ನೋಟ್ 5 ಪ್ರೊ ಇದ್ದವರಿಗೆ ಇದು ಚೆನ್ನಾಗಿ ನೆನಪಿರುತ್ತೆ. ಹೊಸ ಮಿಯುಐ ಹಾಕಿದ ಮೇಲೆ ಹಳೆ ಆವೃತ್ತಿಗೆ ಇಳಿಯೋಕೆ ಹೋದ ಫೋನುಗಳು ಬ್ರಿಕ್ ಆದವು. ಫಾಸ್ಟ್‌ಬೂಟಿನಲ್ಲಿ 'ಗೆಟ್‌ವಾರ್ ಆ್ಯಂಟಿ' ಅಂತ ಕೇಳಿ ಸಂಖ್ಯೆ ನೋಡ್ಕೊಂಡೇ ಮುಂದೆ ಹೋಗಿ ಅನ್ನೋ ಬುದ್ಧಿಮಾತು ಅಲ್ಲಿಂದ ಶುರುವಾಯ್ತು. 2022ರಲ್ಲಿ ಆಂಡ್ರಾಯ್ಡ್ 13 ಬಂದಾಗ ಪಿಕ್ಸೆಲ್ 6 ಫೋನುಗಳಿಗೂ ಹಾಗೇ, ವಾಪಸ್ 12ಕ್ಕೆ ಹೋಗೋ ಬಾಗಿಲು ಮುಚ್ಚಿತು.

ಹೊಡೆದದ್ದು

ಮೊದಲ ಸುತ್ತಿನಲ್ಲಿ ಬೂಟ್ ಸರಪಳಿ ಮಾತ್ರ: ಎಸ್‌ಬಿಎಲ್1, ಆರ್‌ಪಿಎಂ, ಟಿಝಡ್, ಡೆವ್‌ಸಿಎಫ್‌ಜಿ, ಕೀಮಾಸ್ಟರ್, ಸಿಎಂಎನ್‌ಲಿಬ್, ಎಬೂಟ್. ಎಲ್ಲ ಸೇರಿದ್ರೂ ಕೆಲವೇ ಎಂಬಿ, ಕೆಲವು ಸೆಕೆಂಡಿನ ಕೆಲಸ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿದೆಯಾ ನೋಡ್ಕೊಂಡು ಎಂಟರ್ ಒತ್ತಿದೆವು. ಡೆಸ್ಕ್‌ಟಾಪಿನಲ್ಲಿ ಮಾಡೋರಿದ್ರೆ ಯುಪಿಎಸ್ ಇರಲಿ. ಬರೆಯೋ ಮಧ್ಯೆ ಕರೆಂಟು ಹೋದ್ರೆ ಮತ್ತೆ ಅದೇ ಗತಿ.

ಕೇಬಲ್ ತೆಗೆದು ಪವರ್ ಒತ್ತಿದಾಗ ಫೋನು ಸಣ್ಣಗೆ ನಡುಗಿತು. ನಾವು ಮೂವರೂ ಕಿರುಚಿದ್ದು ಕೆಳಗೆ ಅಕ್ಕನಿಗೆ ಕೇಳಿಸಿತಂತೆ. ಲೋಗೋ ಬಂತು, ಹೋಯ್ತು. ಮತ್ತೆ ಬಂತು, ಹೋಯ್ತು. ನಾಲ್ಕನೇ ಸಲಕ್ಕೆ ರಿಕವರಿ ಸ್ಕ್ರೀನು ಬಂದು, ಡೇಟಾ ಅಳಿಸಿ ಮತ್ತೆ ಶುರು ಮಾಡ್ಲಾ ಅನ್ನೋ ಆಯ್ಕೆ ತೋರಿಸಿತು. ರಾತ್ರಿ ಎರಡು ಗಂಟೆ, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತೆ! ಎಷ್ಟೋ ಜನರ ಫೋಟೋ ಹೋಗೋದು ಫ್ಲಾಶಿಂಗಿನಲ್ಲಲ್ಲ, ಈ ಕೊನೇ ಸ್ಕ್ರೀನಿನಲ್ಲಿ ಅಂತ ನಮಗನ್ನಿಸುತ್ತೆ. ನಾವು ವಾಲ್ಯೂಮ್ ಬಟನ್ನಿನಿಂದ ಕೈ ತೆಗೆದು ಮಲಗಿದೆವು.

ಮಾರನೇ ದಿನ ಯೋಚಿಸಿದರೆ ವಿಷಯ ಸರಳ ಇತ್ತು. ಬೂಟ್‌ಲೋಡರ್ ಸರಿಯಾಗಿದೆ, ಆದರೆ ಕರ್ನಲ್ಲು, ಸಿಸ್ಟಂ ಯಾವ ಸ್ಥಿತಿಯಲ್ಲಿವೆ ಅಂತ ಗೊತ್ತಿಲ್ಲ. ಅದೇ ಪ್ಯಾಕೇಜಿನಿಂದ ಬೂಟ್, ರಿಕವರಿ, ಸಿಸ್ಟಂ ಮೂರನ್ನ ಬರೆದೆವು. ಸಿಸ್ಟಂ ಕೆಲವು ಜಿಬಿ ಇರೋದರಿಂದ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ಕಡತವೂ ಕಂಪನಿಯ ಸಹಿ ಇರೋವೇ, ಆದ್ದರಿಂದ ಬೂಟ್‌ಲೋಡರ್ ಅನ್‌ಲಾಕ್ ಮಾಡೋ ಪ್ರಶ್ನೆಯೇ ಬರಲಿಲ್ಲ. ಅನ್‌ಲಾಕ್ ಮಾಡಿದ್ರೆ ಡೇಟಾ ಅಳಿಸಿಹೋಗುತ್ತೆ ಅನ್ನೋದು ನಿಮಗೆ ಗೊತ್ತೇ ಇದೆ.

ಈ ಸಲ ಲೋಗೋ ಬಂದು ನಿಂತೇ ನಿಂತಿತು. ಐದು ನಿಮಿಷ. ಹತ್ತು ನಿಮಿಷ. ಹ್ಯಾಂಗ್ ಆಗಿದೆ ಅಂತ ಒಬ್ಬ ಅಂದ. ಪವರ್ ಬಟನ್ ಮೇಲೆ ಯಾರೂ ಕೈ ಇಡಲಿಲ್ಲ. ಅಪ್‌ಡೇಟ್ ಆದ ಮೇಲೆ ಮೊದಲ ಬೂಟಿನಲ್ಲಿ ಆ್ಯಪ್‌ಗಳನ್ನೆಲ್ಲ ಮತ್ತೆ ಸಿದ್ಧ ಮಾಡ್ಕೊಳ್ಳೋಕೆ ಹೊತ್ತು ಬೇಕು. ಆಮೇಲೆ ಲಾಕ್ ಸ್ಕ್ರೀನ್ ಬಂತು, ಅಕ್ಕನ ಮಗಳ ಶಾಲೆ ಫೋಟೋ ವಾಲ್‌ಪೇಪರ್ ಸಮೇತ.

ಬೇರೆ ಚಿಪ್ಪುಗಳು, ಮತ್ತೆ ಐಎಂಇಐ

ನಿಮ್ಮ ಫೋನು ಮೀಡಿಯಾಟೆಕ್ ಆದ್ರೆ ಕಥೆ ಇದೇ, ಹೆಸರು ಬೇರೆ. ಪಿಬಿಎಲ್ ಜಾಗದಲ್ಲಿ ಬಿರೋಮ್, ಎಸ್‌ಬಿಎಲ್ ಜಾಗದಲ್ಲಿ ಪ್ರಿಲೋಡರ್, ಫೈರ್‌ಹೋಸ್ ಜಾಗದಲ್ಲಿ ಡೌನ್‌ಲೋಡ್ ಏಜೆಂಟ್, ರಾಪ್ರೋಗ್ರಾಂ ಜಾಗದಲ್ಲಿ ಸ್ಕ್ಯಾಟರ್ ಕಡತ. ಯುಎಸ್‌ಬಿ ಗುರುತು 0ಇ8ಡಿಯಿಂದ ಶುರುವಾಗುತ್ತೆ: ಕೊನೆಗೆ 0003 ಇದ್ರೆ ಬಿರೋಮ್, 2000 ಇದ್ರೆ ಪ್ರಿಲೋಡರ್. ಎಸ್‌ಪಿ ಫ್ಲಾಶ್ ಟೂಲಿನಲ್ಲಿ 'ಡೌನ್‌ಲೋಡ್ ಓನ್ಲಿ' ಮತ್ತು 'ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್' ಅಂತ ಎರಡು ಆಯ್ಕೆ ಅಕ್ಕಪಕ್ಕ ಇರ್ತವೆ. ಎರಡನೇದು ಎನ್‌ವಿರಾಮ್ ಸಮೇತ ಗುಡಿಸುತ್ತೆ, ಅದರ ಜೊತೆ ಐಎಂಇಐ ಹೋಗುತ್ತೆ, ಫೋನು ಎದ್ದರೂ ಸಿಮ್ ಕೆಲಸ ಮಾಡಲ್ಲ. ಸ್ಯಾಮ್‌ಸಂಗ್‌ನಲ್ಲಿ ಡೌನ್‌ಲೋಡ್ ಮೋಡು, ಓಡಿನ್; ಲಿನಕ್ಸಿಗೆ ಹೀಮ್‌ಡಾಲ್.

ಕ್ವಾಲ್ಕಾಮಿನಲ್ಲಿ ಐಎಂಇಐ ಮತ್ತು ರೇಡಿಯೋ ಕ್ಯಾಲಿಬ್ರೇಷನ್ ಕೂರೋದು ನಾವು ಮೊದಲೇ ಓದಿಟ್ಟ ಮೋಡೆಮ್‌ಎಸ್‌ಟಿಗಳಲ್ಲಿ. ಅದು ಆಯಾ ಫೋನಿಗೇ ಕಟ್ಟಿಹಾಕಿದ್ದು, ಗೆಳೆಯನ ಫೋನಿನಿಂದ ಕಾಪಿ ಮಾಡಿದ್ರೆ ನಡೆಯಲ್ಲ. ಹೋದ ಐಎಂಇಐಯನ್ನ ಟೂಲಿನಲ್ಲಿ ಬರ್ಕೊಡ್ತೀವಿ ಅನ್ನೋರು ಸಿಗ್ತಾರೆ. ದೂರ ಇರಿ. ಐಎಂಇಐ ತಿದ್ದೋದರ ವಿರುದ್ಧ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದ ತನಕ ಜೈಲು, 50 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ನಿಮ್ಮ ಫೋನು ಚೆನ್ನಾಗಿರೋವಾಗಲೇ *#06# ಒತ್ತಿ ಆ 15 ಅಂಕಿಗಳನ್ನ ಎಲ್ಲಾದರೂ ಬರೆದಿಟ್ಕೊಳ್ಳಿ.

ಇಡಿಎಲ್ ಬರೀ ಒಳ್ಳೇ ಬಾಗಿಲು ಅಂತಲೂ ತಿಳ್ಕೋಬೇಡಿ. ನಮ್ಮ ಕೈಗೆ ಸಿಕ್ಕ ಪ್ರೋಗ್ರಾಮರ್ ಕಳ್ಳನ ಕೈಗೂ ಸಿಗುತ್ತೆ. 2018ರ ಜನವರಿಯಲ್ಲಿ ರೋಯಿ ಹೇ ಮತ್ತು ನೋಮ್ ಹದಾದ್ ಅನ್ನೋ ಸಂಶೋಧಕರು ಹೊರಗೆ ಸೋರಿದ ಇಂಥ ಪ್ರೋಗ್ರಾಮರ್‌ಗಳಿಂದ ಫೋನಿನ ರಕ್ಷಣೆಯನ್ನ ಹೇಗೆ ದಾಟಬಹುದು ಅಂತ ವಿವರವಾಗಿ ತೋರಿಸಿದರು. ಈಗ ಹಲವು ಕಂಪನಿಗಳು ಇಡಿಎಲ್‌ನಲ್ಲಿ ಬರೆಯೋಕೂ ತಮ್ಮ ಸರ್ವರಿನ ಅನುಮತಿ ಬೇಕು ಅಂತ ಬೀಗ ಹಾಕಿವೆ. ಭದ್ರತೆಯ ದೃಷ್ಟಿಯಿಂದ ಸರಿ. ಆದರೆ ವಾರಂಟಿ ಮುಗಿದ ಹಳೇ ಫೋನಿನ ಮಾಲೀಕರಿಗೆ ತಮ್ಮದೇ ಫೋನು ಎಬ್ಬಿಸೋಕೆ ಒಂದು ದಾರಿ ಬಿಡಬೇಕಿತ್ತು ಅನ್ನೋದು ನಮ್ಮ ಅಭಿಪ್ರಾಯ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರಿ ಪೋರ್ಟಲ್ ಶುರು ಮಾಡಿದೆ. ಅಲ್ಲಿ ಬಿಡಿಭಾಗ, ವಾರಂಟಿ, ಸರ್ವಿಸ್ ವಿವರ ಸಿಗುತ್ತೆ, ಸಹಿ ಮಾಡಿದ ಪ್ರೋಗ್ರಾಮರ್ ಕಡತದ ಮಾತು ಇನ್ನೂ ದೂರ. ಅಕ್ಕನ ಫೋನು ಈ ಬೀಗಕ್ಕಿಂತ ಹಳೇದಾಗಿದ್ದು ನಮ್ಮ ಪುಣ್ಯ. ಇದೇ ತಪ್ಪನ್ನ ಹೊಸ ಫೋನಿಗೆ ಮಾಡಿದ್ದಿದ್ರೆ ಈ ಲೇಖನ ಎರಡನೇ ಪ್ಯಾರಾಕ್ಕೇ ಮುಗೀತಿತ್ತು.

ಫೋನು ಕೊಡೋಕೆ ಕೆಳಗೆ ಹೋದಾಗ ಅಕ್ಕ ಒಲೆ ಮುಂದೆ ಇದ್ರು. ಕೈ ಒರೆಸ್ಕೊಂಡು, ಪಿನ್ ಒತ್ತಿ, ನೇರ ರೆಕಾರ್ಡರ್ ತೆರೆದರು. ಎಲ್ಲ ಇತ್ತು. ಅಷ್ಟನ್ನೂ ಒಂದು ಪೆನ್ ಡ್ರೈವಿಗೆ ಕಾಪಿ ಮಾಡಿಕೊಡ್ತೀವಿ ಅಂತ ನಾವಂದೆವು. 'ಅದು ಆಮೇಲೆ ನೋಡಣ' ಅಂತ ಒಂದು ರೆಕಾರ್ಡಿಂಗ್ ಒತ್ತಿ ಫೋನನ್ನ ಕಟ್ಟೆ ಮೇಲೆ ಇಟ್ಟರು. ಕುಕ್ಕರ್ ಶಬ್ದದ ನಡುವೆ ಅವರದೇ ಧ್ವನಿ: 'ಮೇಲಿನ ಮನೆ ಮೂವರು, ಹೋದ ತಿಂಗಳದ್ದೂ ಸೇರಿ ಸಾವಿರದ ಮುನ್ನೂರ ನಲವತ್ತು.'

'ಇದೂ ಉಳ್ಕೊಂಡಿದೆ ನೋಡ್ರಪ್ಪಾ' ಅಂದ್ರು ಅಕ್ಕ. ಅಲ್ಲೇ ನಿಂತು ಯುಪಿಐ ಮಾಡಿದೆವು.